ವಾರ್ಡಿಗೆ ಬಂದ ಕ್ಲಿನಿಕಲ್ ಫಾರ್ಮಸಿಸ್ಟ್: ತಪ್ಪು ಹುಡುಕಲು ಬಂದವರಾ, ಜೊತೆಗೆ ನಿಲ್ಲಲು ಬಂದವರಾ?

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನಲ್ಲಿ ಇನ್‌ಚಾರ್ಜ್ ಸಿಸ್ಟರ್. ಕೆಲವು ತಿಂಗಳ ಹಿಂದೆ ನಮ್ಮಲ್ಲಿ ಫಾರ್ಮ್.ಡಿ (ಆರು ವರ್ಷದ ಫಾರ್ಮಸಿ ಡಿಗ್ರಿ) ಓದಿದ ಒಬ್ಬ ಹುಡುಗಿಯನ್ನು ಕ್ಲಿನಿಕಲ್ ಫಾರ್ಮಸಿಸ್ಟ್ ಅಂತ ತೆಗೆದುಕೊಂಡಿದ್ದಾರೆ. ದಿನಾ ಮಧ್ಯಾಹ್ನ ಬಂದು ಡ್ರಗ್ ಚಾರ್ಟ್ ನೋಡುತ್ತಾರೆ, ಏನೋ ಬರೆದುಕೊಂಡು ಹೋಗುತ್ತಾರೆ. ತಿಂಗಳ ಕೊನೆಯ ಮೀಟಿಂಗಿನಲ್ಲಿ ನಮ್ಮ ವಾರ್ಡಿನ ತಪ್ಪುಗಳ ಪಟ್ಟಿ ಪರದೆ ಮೇಲೆ ಬರುತ್ತದೆ. ನಮ್ಮ ಹುಡುಗಿಯರಿಗೆ ತುಂಬಾ ಬೇಜಾರಾಗಿದೆ. ಡಾಕ್ಟರುಗಳಲ್ಲಿ ಕೆಲವರು ಅವರನ್ನು ಮಾತಾಡಿಸುತ್ತಾರೆ, ಕೆಲವರು ತಿರುಗಿಯೂ ನೋಡುವುದಿಲ್ಲ. ಬೇರೆ ಆಸ್ಪತ್ರೆಗಳಲ್ಲಿ ಡಾಕ್ಟರು, ನರ್ಸುಗಳು ಇವರನ್ನು ಹೇಗೆ ನೋಡುತ್ತಾರೆ? ಅವರು "ಈ ಡೋಸ್ ಕೊಡಬೇಡಿ" ಅಂದರೆ ನಾವು ನಿಲ್ಲಿಸಬಹುದಾ?

ಉತ್ತರ:

ಸಿಸ್ಟರ್, ನಿಮ್ಮ ಪತ್ರದಲ್ಲಿ ಎರಡು ಮಾತು ನನ್ನ ಕಣ್ಣಿಗೆ ಬಿದ್ದವು. ಒಂದು, "ಮಧ್ಯಾಹ್ನ ಬಂದು". ಇನ್ನೊಂದು, "ತಪ್ಪುಗಳ ಪಟ್ಟಿ". ನಿಮ್ಮ ವಾರ್ಡಿನ ಬೇಜಾರಿಗೆ ಕಾರಣ ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ನಾನೂ ಕ್ಲಿನಿಕಲ್ ಫಾರ್ಮಸಿಸ್ಟೇ, ಅಂದರೆ ವಾರ್ಡಿನ ರೋಗಿಗಳ ಔಷಧಿ, ಡೋಸು ಸರಿಯಿದೆಯಾ ಅಂತ ನೋಡುವವರು. ಬಹಳ ವರ್ಷ ವಾರ್ಡುಗಳಲ್ಲಿ ಓಡಾಡಿದ್ದೇನೆ, ಈಗ ಓಡಾಡುವವರಿಗೆ ಕಲಿಸುತ್ತೇನೆ. ನಾನು ಕಂಡ ಹಾಗೆ, ಡಾಕ್ಟರು ಮತ್ತು ನರ್ಸುಗಳು ನಮ್ಮನ್ನು ಹೇಗೆ ನೋಡುತ್ತಾರೆ ಅನ್ನುವುದು ನಮ್ಮ ಡಿಗ್ರಿಯ ಮೇಲೆ ನಿಂತಿಲ್ಲ. ನಾವು ಯಾವ ಹೊತ್ತಿಗೆ ಬರುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಔಷಧಿ ರೋಗಿಯ ಮೈಗೆ ಹೋಗುವ ಮೊದಲು ಬಂದು ಹೇಳಿದರೆ ನಾವು ಸಹಾಯಕ್ಕೆ ಬಂದವರು. ಹೋದ ಮೇಲೆ ಬಂದು ಬರೆದುಕೊಂಡರೆ ಇನ್‌ಸ್ಪೆಕ್ಟರು.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. 1999ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಐಸಿಯು ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಅಧ್ಯಯನ ಅದು. ಅಲ್ಲಿ ಮಾಡಿದ್ದು ದೊಡ್ಡದೇನಲ್ಲ. ಒಬ್ಬ ಹಿರಿಯ ಫಾರ್ಮಸಿಸ್ಟ್ ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರುಗಳ ಜೊತೆ ನಡೆದರು, ಆಮೇಲೂ ಕೇಳಿದಾಗ ಸಿಗುವ ಹಾಗೆ ಇದ್ದರು. ಔಷಧಿ ಬರೆಯುವಾಗಿನ ತಪ್ಪಿನಿಂದ ರೋಗಿಗೆ ಆಗುತ್ತಿದ್ದ, ತಡೆಯಬಹುದಾಗಿದ್ದ ತೊಂದರೆಗಳು 66 ಶೇಕಡಾ ಇಳಿದವು. ಆದರೆ ನಿಮ್ಮ ಪ್ರಶ್ನೆಗೆ ಬೇಕಾದ ಅಂಕಿ ಬೇರೆ. ಆ ಫಾರ್ಮಸಿಸ್ಟ್ ಕೊಟ್ಟ 366 ಸಲಹೆಗಳಲ್ಲಿ 362ನ್ನು ಡಾಕ್ಟರುಗಳು ಒಪ್ಪಿಕೊಂಡರು. ಅಂದರೆ ಡಾಕ್ಟರುಗಳಿಗೆ ಹೇಳಿಸಿಕೊಳ್ಳುವುದೇ ಇಷ್ಟವಿಲ್ಲ ಅನ್ನುವ ಮಾತು ಪೂರ್ತಿ ನಿಜವಲ್ಲ. ಪೆನ್ನು ಇನ್ನೂ ಕೈಯಲ್ಲಿರುವಾಗ, ಪಕ್ಕದಲ್ಲಿ ನಿಂತು, ಮೆಲ್ಲಗೆ ಹೇಳಿದರೆ ಕೇಳುತ್ತಾರೆ.

ನಮ್ಮಲ್ಲಿ ಈ ಹುದ್ದೆ ಯಾಕೆ ಇನ್ನೂ ಅಪರಿಚಿತ ಅನ್ನುವುದನ್ನೂ ಸ್ವಲ್ಪ ಹೇಳುತ್ತೇನೆ. ಮೈಸೂರು ಮತ್ತು ಊಟಿಯ ಜೆಎಸ್‌ಎಸ್ ಫಾರ್ಮಸಿ ಕಾಲೇಜುಗಳು 1990ರ ದಶಕದ ಕೊನೆಯಲ್ಲಿ ಫಾರ್ಮಸಿ ಪ್ರಾಕ್ಟೀಸ್ ಎಂ.ಫಾರ್ಮ್ ಶುರು ಮಾಡಿ, ವಿದ್ಯಾರ್ಥಿಗಳನ್ನು ಆಸ್ಪತ್ರೆಯ ವಾರ್ಡಿಗೆ ಕಳಿಸಿದವು. ದೇಶದಲ್ಲೇ ಮೊದಮೊದಲ ಪ್ರಯತ್ನಗಳವು. ಆರು ವರ್ಷದ ಫಾರ್ಮ್.ಡಿ ಬಂದದ್ದು 2008ರಲ್ಲಿ. ಅದರಲ್ಲಿ ಕೊನೆಯ ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್. ಇವತ್ತು ಹಿರಿಯ ಕನ್ಸಲ್ಟೆಂಟ್ ಆಗಿರುವ ಎಷ್ಟೋ ಡಾಕ್ಟರುಗಳು ಓದುವಾಗ ವಾರ್ಡಿನಲ್ಲಿ ಫಾರ್ಮಸಿಸ್ಟ್ ಅನ್ನುವವರನ್ನು ನೋಡಿಯೇ ಇಲ್ಲ. ಅವರಿಗೆ ಫಾರ್ಮಸಿ ಅಂದರೆ ಕೆಳಗಡೆ ಇರುವ ಕೌಂಟರು, ಇಂಡೆಂಟ್ ಕಳಿಸಿದರೆ ಔಷಧಿ ಬರುವ ಜಾಗ. ಅಲ್ಲಿಂದ ಒಬ್ಬರು ಮೇಲೆ ಬಂದು ಕೇಸ್ ಶೀಟ್ ತೆಗೆದರೆ "ಇವರಿಗೆ ಇಲ್ಲೇನು ಕೆಲಸ" ಅನ್ನಿಸುವುದು ಸಹಜ. ಕೊಬ್ಬು ಅಂದುಕೊಳ್ಳಬೇಡಿ, ಪರಿಚಯ ಇಲ್ಲ ಅಷ್ಟೇ.

ಡಾಕ್ಟರುಗಳೆಲ್ಲ ಒಂದೇ ಥರ ನೋಡುವುದಿಲ್ಲ ಅನ್ನುವುದು ನಿಮಗೇ ಗೊತ್ತು. ಐಸಿಯು ಡಾಕ್ಟರು, ಕಿಡ್ನಿ ಡಾಕ್ಟರು, ಕ್ಯಾನ್ಸರ್ ವಿಭಾಗದವರು ನಮ್ಮನ್ನು ಬೇಗ ಹತ್ತಿರ ಕರೆದುಕೊಳ್ಳುತ್ತಾರೆ. ಅವರ ರೋಗಿಗೆ ಡೋಸಿನ ಲೆಕ್ಕ ದಿನಾ ಬದಲಾಗುತ್ತದೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯೇಟಿನಿನ್ ನಿನ್ನೆ ಒಂದು, ಇವತ್ತು ಇನ್ನೊಂದು. ಮೆರೊಪೆನೆಮ್ ಅನ್ನುವ ಆಂಟಿಬಯಾಟಿಕ್ ನಿನ್ನೆಯ ಡೋಸಿನಲ್ಲೇ ಹೋಗುತ್ತಿದ್ದರೆ ಯಾರಾದರೂ ಹೇಳಬೇಕು. ಹೇಳುವವರು ಸಿಕ್ಕರೆ ಅವರಿಗೆ ಅನುಕೂಲವೇ. ಪಿ.ಜಿ.ಗಳು ಮತ್ತು ಡ್ಯೂಟಿ ಡಾಕ್ಟರುಗಳಿಗಂತೂ ನಮ್ಮ ನಂಬರ್ ಬಾಯಿಪಾಠ ಆಗಿರುತ್ತದೆ. ರಾತ್ರಿ, ರಕ್ತ ತೆಳುಮಾಡುವ ವಾರ್ಫರಿನ್ ತಿನ್ನುವ ರೋಗಿಗೆ ಮೆಟ್ರೊನಿಡಜೋಲ್ ಅನ್ನುವ ಆಂಟಿಬಯಾಟಿಕ್ ಬರೆಯಬಹುದಾ ಅಂತ ಕನ್ಸಲ್ಟೆಂಟಿಗೆ ಫೋನ್ ಮಾಡುವುದಕ್ಕೆ ಅವರಿಗೆ ಹೆದರಿಕೆ. ನಮಗೆ ಮಾಡಲು ಹೆದರಿಕೆ ಇಲ್ಲ. "ರಕ್ತ ತೆಳುವಾಗುವುದು ಜಾಸ್ತಿ ಆಗುತ್ತೆ ಡಾಕ್ಟ್ರೇ, ಕೊಡಲೇಬೇಕಾದರೆ ಐಎನ್ಆರ್ (ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಪರೀಕ್ಷೆ) ಬೇಗ ಬೇಗ ನೋಡಬೇಕು, ವಾರ್ಫರಿನ್ ಡೋಸ್ ಇಳಿಸಬೇಕಾಗಬಹುದು" ಅಂತ ಹೇಳಿದರೆ ಅವರು ಮುಂದಿನದು ನೋಡಿಕೊಳ್ಳುತ್ತಾರೆ.

ಜಗಳ ಹುಟ್ಟುವುದು ಹೆಚ್ಚಾಗಿ ಆಂಟಿಬಯಾಟಿಕ್ ವಿಷಯದಲ್ಲಿ, ಅದರಲ್ಲೂ ಸರ್ಜರಿ ವಾರ್ಡಿನಲ್ಲಿ. ಸೋಂಕು ಇಲ್ಲದ ಆಪರೇಷನ್ ಆದರೆ ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಕೊಟ್ಟು, 24 ಗಂಟೆಯೊಳಗೆ ನಿಲ್ಲಿಸಿ ಅಂತ ಪುಸ್ತಕ ಹೇಳುತ್ತದೆ. ವಾರ್ಡಿನಲ್ಲಿ ಅದು ಐದು ದಿನ ಹೋಗುತ್ತಿರುತ್ತದೆ. ಫಾರ್ಮಸಿಸ್ಟ್ ಹೋಗಿ "ನಿಲ್ಲಿಸಿ ಸರ್" ಅಂದರೆ ಸರ್ಜನ್ನಿಗೆ ಸಿಟ್ಟು ಬರುತ್ತದೆ. ಅವರ ಕಡೆಯಿಂದಲೂ ನೋಡಬೇಕು. ಗಾಯ ಕೀವಾದರೆ ರೋಗಿಯ ಮನೆಯವರಿಗೆ ಉತ್ತರ ಹೇಳುವವರು ಅವರು. ಕೇಸ್ ಶೀಟಿನಲ್ಲಿ ಸಹಿ ಅವರದು. ನಮ್ಮ ಸಹಿ ಎಲ್ಲಿಯೂ ಇಲ್ಲ. "ಸಲಹೆ ನಿಮ್ಮದು, ಕೋರ್ಟಿಗೆ ಹೋಗುವವನು ನಾನು" ಅಂತ ಒಬ್ಬ ಹಿರಿಯ ಸರ್ಜನ್ ನನಗೆ ನೇರವಾಗಿ ಹೇಳಿದ್ದರು. ಆ ಮಾತಿನಲ್ಲಿ ನ್ಯಾಯ ಇದೆ. ಅವರ ಜೊತೆ ನನಗೆ ಹೊಂದಿಕೆ ಆದದ್ದು ಪುಸ್ತಕ ತೋರಿಸಿದ್ದರಿಂದ ಅಲ್ಲ. ಅವರದೇ ಹಳೆಯ ರೋಗಿಗಳ ಕೇಸ್ ಶೀಟುಗಳನ್ನು ಜೊತೆಗೆ ಕೂತು ನೋಡಿದ್ದರಿಂದ. ಒಂದು ದಿನ ಕೊಟ್ಟವರಿಗೂ ಐದು ದಿನ ಕೊಟ್ಟವರಿಗೂ ಗಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಅವರೇ ತಮ್ಮ ಯೂನಿಟ್ಟಿನಲ್ಲಿ ನಿಯಮ ಬದಲಿಸಿದರು.

ಡಾಕ್ಟರುಗಳಿಗೆ ನಿಜವಾಗಿ ನೋವಾಗುವುದು ಇನ್ನೊಂದು ವಿಷಯಕ್ಕೆ. ರೋಗಿ ಅಥವಾ ಅವರ ಜೊತೆಗಿರುವ ಮನೆಯವರ ಎದುರಿಗೆ "ಈ ಡೋಸ್ ಜಾಸ್ತಿ ಆಯಿತು" ಅಂತ ಹೇಳಿದರೆ ಅವರು ಮರೆಯುವುದಿಲ್ಲ, ಮರೆಯಬೇಕಾಗಿಯೂ ಇಲ್ಲ. ಮನೆಯವರ ನಂಬಿಕೆ ಒಂದು ಕ್ಷಣದಲ್ಲಿ ಹೋಗಿಬಿಡುತ್ತದೆ. ಹೊಸದಾಗಿ ಕೆಲಸಕ್ಕೆ ಬಂದ ನಮ್ಮ ಹುಡುಗರಿಗೆ ನಾನು ಮೊದಲು ಕಲಿಸುವುದು ಇದನ್ನೇ: ಮಂಚದ ಪಕ್ಕ ಬಾಯಿ ಮುಚ್ಚಿ, ಕಾರಿಡಾರಿನಲ್ಲಿ ಬಾಯಿ ಬಿಡಿ. ತುರ್ತು ಆದರೆ ಮಾತ್ರ "ಡಾಕ್ಟ್ರೇ, ಒಂದು ನಿಮಿಷ" ಅಂತ ಪಕ್ಕಕ್ಕೆ ಕರೆಯಿರಿ. ನಿಮ್ಮಲ್ಲಿ ಕೆಲವು ಡಾಕ್ಟರು ತಿರುಗಿ ನೋಡುವುದಿಲ್ಲ ಅಂದಿರಲ್ಲ, ಹಿಂದೆ ಇಂಥದ್ದೇನಾದರೂ ನಡೆದಿದೆಯಾ ಅಂತ ಸುಮ್ನೆ ವಿಚಾರಿಸಿ ನೋಡಿ.

ಈಗ ನರ್ಸುಗಳ ಕಡೆ ಬರೋಣ. ನಿಮ್ಮ ಪ್ರಶ್ನೆಯ ತೂಕ ಇರುವುದು ಇಲ್ಲೇ, ಅಲ್ವಾ?

ಡಾಕ್ಟರ್ ಬರೆಯುತ್ತಾರೆ, ಫಾರ್ಮಸಿ ಕಳಿಸುತ್ತದೆ, ಕೊಡುವವರು ನೀವು. ಸರಪಳಿಯಲ್ಲಿ ಕೊನೆಯ ಕೈ ನಿಮ್ಮದು. ಹಿಂದೆ ಎಲ್ಲಿ ತಪ್ಪಾದರೂ ಕೊನೆಗೆ ಕಾಣಿಸುವುದು ನಿಮ್ಮ ಸಹಿಯ ಮುಂದೆ. ಅದಕ್ಕೇ ಚಾರ್ಟ್ ಹಿಡಿದು ಒಬ್ಬರು ಓಡಾಡಿದರೆ ನರ್ಸುಗಳಿಗೆ ಭಯ ಆಗುತ್ತದೆ. ಇದರ ಮೇಲೆ ಕೆಲಸದ ಒತ್ತಡ ಬೇರೆ. ಬೆಳಗ್ಗೆ ಆರಕ್ಕೆ ಇಡೀ ವಾರ್ಡಿಗೆ ಇಂಜೆಕ್ಷನ್, ರಕ್ತದ ಸ್ಯಾಂಪಲ್, ಹ್ಯಾಂಡೋವರ್ ಎಲ್ಲ ಒಟ್ಟಿಗೆ. ಆ ಹೊತ್ತಿನಲ್ಲಿ ನಮ್ಮವರು ಬಂದು "ವ್ಯಾಂಕೊಮೈಸಿನ್ ಆಂಟಿಬಯಾಟಿಕ್ ಒಂದು ಗಂಟೆ ಹಿಡಿದು ನಿಧಾನಕ್ಕೆ ಕೊಡಬೇಕು, ಯಾಕೆ ಬೇಗ ಮುಗಿಯಿತು" ಅಂದರೆ ಉರಿಯದೆ ಇರುತ್ತದಾ? ಮಾತು ಸರಿ. ಬೇಗ ಹೋದರೆ ರೋಗಿಯ ಮುಖ, ಕುತ್ತಿಗೆ ಕೆಂಪಾಗಿ ತುರಿಕೆ ಬರುತ್ತದೆ, ಬಿ.ಪಿ. ಬೀಳಬಹುದು. ಆದರೆ ವಾರ್ಡಿಗೆ ಇನ್ಫ್ಯೂಷನ್ ಪಂಪ್ ಎಷ್ಟಿದೆ ಅಂತ ಮೊದಲು ನೋಡಬೇಕಿತ್ತು. ಪಂಪ್ ಇಲ್ಲದಿದ್ದರೆ ಮ್ಯಾನೇಜ್‌ಮೆಂಟಿಗೆ ಪಂಪ್ ಬೇಕು ಅಂತ ಬರೆಯುವುದು ಫಾರ್ಮಸಿಸ್ಟಿನ ಕೆಲಸ. ಸಿಸ್ಟರ್ ಹೆಸರು ಬರೆಯುವುದಲ್ಲ.

ನಮ್ಮ ಮೇಲೆ ನರ್ಸುಗಳಿಗೆ ನಂಬಿಕೆ ಹುಟ್ಟುವುದು ಸಣ್ಣ ಸಣ್ಣ ಕೆಲಸಗಳಲ್ಲಿ. ನಾನು ಕಂಡ ಒಂದು ಉದಾಹರಣೆ ಹೇಳುತ್ತೇನೆ. ಫಿಟ್ಸ್ ಬಂದ ರೋಗಿಗೆ ಫೆನಿಟಾಯಿನ್ ಇಂಜೆಕ್ಷನ್ ಬರೆದಿದ್ದರು. ಆಗಲೇ ಡೆಕ್ಸ್ಟ್ರೋಸ್ (ಸಕ್ಕರೆ ನೀರಿನ ಡ್ರಿಪ್) ಬಾಟಲಿ ನೇತಾಡುತ್ತಿತ್ತು. ಸ್ಟಾಫ್ ನರ್ಸ್ ಅದಕ್ಕೇ ಹಾಕಲು ಹೊರಟಿದ್ದರು. ಜೊತೆಗಿದ್ದ ನಮ್ಮ ಫಾರ್ಮಸಿಸ್ಟ್ ಹುಡುಗಿ "ಸಿಸ್ಟರ್, ಅದು ಡೆಕ್ಸ್ಟ್ರೋಸಿನಲ್ಲಿ ಹರಳು ಕಟ್ಟುತ್ತೆ, ನಾರ್ಮಲ್ ಸಲೈನ್ ತಗೊಳ್ಳೋಣ, ಲೈನನ್ನೂ ಸಲೈನಿನಲ್ಲಿ ತೊಳೆಯೋಣ" ಅಂದು ತಾನೇ ಹೋಗಿ ಸಲೈನ್ ತಂದಳು. ಎರಡು ನಿಮಿಷದ ಕೆಲಸ. ಯಾವ ವರದಿಯೂ ಇಲ್ಲ, ಮೀಟಿಂಗೂ ಇಲ್ಲ. ಮಾರನೇ ದಿನ ಅದೇ ಸಿಸ್ಟರ್ ಅವಳನ್ನು ಹುಡುಕಿಕೊಂಡು ಬಂದು "ಸೆಫ್ಟ್ರಿಯಾಕ್ಸೋನ್ ಆಂಟಿಬಯಾಟಿಕ್ ಅನ್ನು ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿಗೆ ಹಾಕಬಹುದಾ" ಅಂತ ಕೇಳಿದರು. ಹಾಕಬಾರದು, ಆ ಡ್ರಿಪ್ಪಿನಲ್ಲಿ ಕ್ಯಾಲ್ಸಿಯಂ ಇದೆ, ಎರಡೂ ಸೇರಿ ಗಟ್ಟಿಯಾಗುತ್ತವೆ. ಈ ಥರದ ಪ್ರಶ್ನೆಗಳನ್ನೆಲ್ಲ ಸೇರಿಸಿ ಇಬ್ಬರೂ ಒಂದು ಹಾಳೆ ಮಾಡಿದರು. ಯಾವ ಇಂಜೆಕ್ಷನ್, ಯಾವುದರಲ್ಲಿ ಕಲಸಬೇಕು, ಎಷ್ಟು ಹೊತ್ತು ಕೊಡಬೇಕು, ಕಲಸಿದ ಮೇಲೆ ಎಷ್ಟು ಗಂಟೆ ಇಡಬಹುದು. ಅದನ್ನು ಲ್ಯಾಮಿನೇಟ್ ಮಾಡಿಸಿ ಇಂಜೆಕ್ಷನ್ ಟ್ರಾಲಿಗೆ ಕಟ್ಟಿದರು. ಆ ವಾರ್ಡಿನ ನರ್ಸುಗಳನ್ನು ಕೇಳಿದರೆ ಕ್ಲಿನಿಕಲ್ ಫಾರ್ಮಸಿಸ್ಟ್ ಯಾಕೆ ಬೇಕು ಅಂತ ಅವರೇ ಹೇಳುತ್ತಾರೆ.

ಇನ್ಸುಲಿನ್ ವಿಷಯ ನಿಮ್ಮ ವಾರ್ಡಿನಲ್ಲಿ ಖಂಡಿತ ಒಮ್ಮೆ ನೋಡಿಸಿ. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಡ್ಜ್ 100 ಯೂನಿಟ್, ಕೆಲವು ಬಾಟಲಿಗಳೂ 100. ಸಿರಿಂಜು ಕೂಡ ಎರಡು ಥರ, ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ರೋಗಿಯ ಸಕ್ಕರೆ ಇಳಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಎರಡೂ ಸಿರಿಂಜು ಒಂದೇ ಡಬ್ಬದಲ್ಲಿ ಬಿದ್ದಿದ್ದರೆ ಎಷ್ಟೇ ಜಾಗ್ರತೆಯ ನರ್ಸ್ ಆದರೂ ರಾತ್ರಿ ಪಾಳಿಯಲ್ಲಿ ಒಂದು ದಿನ ತಪ್ಪುತ್ತಾರೆ. ಇಲ್ಲಿ ಬೇಕಾಗಿರುವುದು ನರ್ಸಿಗೆ ಮೆಮೊ ಅಲ್ಲ. ಡಬ್ಬ ಬೇರೆ ಮಾಡುವುದು, ಸಾಧ್ಯವಾದರೆ ವಾರ್ಡಿನಲ್ಲಿ ಒಂದೇ ಥರದ್ದು ಇಡುವುದು. ಇದನ್ನು ಸ್ಟೋರಿನವರ ಜೊತೆ ಮಾತಾಡಿ ಸರಿ ಮಾಡಿಸುವುದು ಫಾರ್ಮಸಿಸ್ಟಿಗೆ ಸುಲಭ, ನಿಮಗೆ ಕಷ್ಟ.

ರೈಲ್ಸ್ ಟ್ಯೂಬಿಗೆ (ಮೂಗಿನಿಂದ ಹೊಟ್ಟೆಗೆ ಹಾಕುವ ಕೊಳವೆಗೆ) ಮಾತ್ರೆ ಪುಡಿ ಮಾಡಿ ಹಾಕುವುದೂ ಹಾಗೇ. ನಿಧಾನವಾಗಿ ಬಿಡುಗಡೆ ಆಗುವ ಬಿ.ಪಿ. ಮಾತ್ರೆ ಪುಡಿ ಮಾಡಿದರೆ ದಿನವಿಡೀ ಹೋಗಬೇಕಾದ್ದು ಒಮ್ಮೆಗೇ ಹೋಗುತ್ತದೆ. ಯಾವುದನ್ನು ಪುಡಿ ಮಾಡಬಾರದು, ಅದರ ಬದಲು ಏನು ಕೇಳಬಹುದು ಅನ್ನುವ ಪಟ್ಟಿಯನ್ನು ಅವರಿಂದ ಕೇಳಿ ಪಡೆಯಿರಿ.

ಇನ್ನೊಂದು ಕೆಲಸದಲ್ಲಿ ಡಾಕ್ಟರು, ನರ್ಸು ಇಬ್ಬರೂ ನಮ್ಮನ್ನು ಬೇಗ ಒಪ್ಪಿಕೊಳ್ಳುತ್ತಾರೆ. ಅಡ್ಮಿಟ್ ಆಗುವಾಗ ರೋಗಿ ಮನೆಯಿಂದ ತರುವ ಪ್ಲಾಸ್ಟಿಕ್ ಕವರ್ ಇದೆಯಲ್ಲ, ಅದನ್ನು ಬಿಚ್ಚಿ ನೋಡುವ ಕೆಲಸ. ಅದರಲ್ಲಿ ಊರಿನ ಡಾಕ್ಟರು ಬರೆದದ್ದು ಒಂದು ಹೆಸರಿನ ಮಾತ್ರೆ, ಪೇಟೆಯ ಡಾಕ್ಟರು ಬರೆದದ್ದು ಇನ್ನೊಂದು ಹೆಸರಿನದು. ಸ್ಟ್ರಿಪ್ ತಿರುಗಿಸಿ ಓದಿದರೆ ಎರಡರಲ್ಲೂ ಟೆಲ್ಮಿಸಾರ್ಟನ್, ಬಿ.ಪಿ. ಇಳಿಸುವ ಅದೇ ಔಷಧಿ. ಅಜ್ಜಿ ಎರಡನ್ನೂ ತಪ್ಪದೆ ನುಂಗುತ್ತಿರುತ್ತಾರೆ. ತಲೆಸುತ್ತು ಬಂದು ಬಿದ್ದದ್ದು ಯಾಕೆ ಅಂತ ಆಗ ಗೊತ್ತಾಗುತ್ತದೆ. ಕೀಲುನೋವಿಗೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿದ್ದರೆ ನಾವು ಇನ್ನೂ ಹುಷಾರಾಗಿ ಕೇಳುತ್ತೇವೆ. ಅದು ವಾರಕ್ಕೆ ಒಂದು ದಿನದ ಮಾತ್ರೆ. ದಿನಾ ತೆಗೆದುಕೊಂಡರೆ ಬಾಯೆಲ್ಲ ಹುಣ್ಣಾಗಿ, ರಕ್ತದ ಕಣಗಳು ಇಳಿದು ಜೀವ ಹೋಗಬಹುದು. ಅಡ್ಮಿಷನ್ ದಿನ ಗಡಿಬಿಡಿಯಲ್ಲಿ ಚಾರ್ಟಿಗೆ "ದಿನಕ್ಕೊಂದು" ಅಂತ ಇಳಿದುಬಿಟ್ಟರೆ ಹಿಡಿಯುವವರು ಬೇಕು. ಈ ಕೆಲಸಕ್ಕೆ ಒಬ್ಬ ರೋಗಿಗೆ ಹದಿನೈದು, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಡ್ಯೂಟಿ ಡಾಕ್ಟರಿಗೂ ನಿಮಗೂ ಅಷ್ಟು ಹೊತ್ತು ಸಿಗುವುದಿಲ್ಲ. ನಮಗೆ ಸಿಗುತ್ತದೆ, ಸಿಗಬೇಕು.

ಈಗ ನೇರ ಪ್ರಶ್ನೆ: ಅವರು ಬೇಡ ಅಂದರೆ ಡೋಸ್ ನಿಲ್ಲಿಸಬಹುದಾ?

ನಮ್ಮ ದೇಶದಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟಿಗೆ ಔಷಧಿ ಬರೆಯುವ ಅಧಿಕಾರ ಇಲ್ಲ, ಡಾಕ್ಟರ್ ಬರೆದದ್ದನ್ನು ಬದಲಿಸುವ ಅಧಿಕಾರವೂ ಇಲ್ಲ. ಬ್ರಿಟನ್ನಿನಲ್ಲಿ 2006ರಿಂದ ತರಬೇತಿ ಪಡೆದ ಫಾರ್ಮಸಿಸ್ಟುಗಳು ಸ್ವತಂತ್ರವಾಗಿ ಔಷಧಿ ಬರೆಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಆದ್ದರಿಂದ ಅವರ ಮಾತಿನ ಮೇಲೆ ಔಷಧಿಯನ್ನು ಪೂರ್ತಿ ನಿಲ್ಲಿಸುವಂತಿಲ್ಲ. ಆದರೆ ಸಂಶಯ ಇರುವ ಡೋಸನ್ನು ಡಾಕ್ಟರನ್ನು ಕೇಳುವ ತನಕ ತಡೆದು ಹಿಡಿಯುವುದು ನಿಮ್ಮ ಕರ್ತವ್ಯದೊಳಗೇ ಬರುತ್ತದೆ. ಫೋನ್ ಮಾಡಬೇಕಾದವರು ಫಾರ್ಮಸಿಸ್ಟ್. ನಿಮ್ಮ ಕೈಯಲ್ಲಿ ಹೇಳಿ ಕಳಿಸಿ, ಬೈಸಿಕೊಳ್ಳುವ ಕೆಲಸ ನಿಮಗೆ ಬಿಡುವುದು ಸರಿಯಲ್ಲ. "ಡಾಕ್ಟರ ಹತ್ತಿರ ನೀವೇ ಮಾತಾಡಿ, ನಾನು ಪಕ್ಕದಲ್ಲಿರ್ತೀನಿ" ಅಂತ ಹೇಳಿ. ಡಾಕ್ಟರು ಏನು ಹೇಳಿದರು, ಎಷ್ಟು ಗಂಟೆಗೆ ಹೇಳಿದರು ಅಂತ ನರ್ಸಿಂಗ್ ನೋಟ್ಸಿನಲ್ಲಿ ಬರೆಯಿರಿ. ಡಾಕ್ಟರು "ಗೊತ್ತಿದೆ, ಕೊಡಿ" ಅಂದರೆ ಅದನ್ನೂ ಬರೆಯಿರಿ. ಎಷ್ಟೋ ಸಲ ಅವರಿಗೆ ನಮಗೆ ಗೊತ್ತಿಲ್ಲದ ಕಾರಣ ಇರುತ್ತದೆ. ರೋಗಿ ಫಿಟ್ಸಿನಲ್ಲಿದ್ದಾಗ, ಬಿ.ಪಿ. ಬಿದ್ದಾಗ ಇದನ್ನೆಲ್ಲ ಮಾಡುತ್ತಾ ಕೂರಲು ಆಗುವುದಿಲ್ಲ. ಅಲ್ಲಿ ಡಾಕ್ಟರು ಎದುರಿಗೇ ಇರುತ್ತಾರೆ, ಬಾಯಲ್ಲೇ ಕೇಳಿ ಮುಗಿಸಬೇಕು.

ಇನ್ನು ಆ ಪಟ್ಟಿಯ ಮಾತು. ಇದರಲ್ಲಿ ನಿಮ್ಮ ವಾರ್ಡಿಗೆ ಬರುವ ಫಾರ್ಮಸಿಸ್ಟ್ ಹುಡುಗಿಯ ತಪ್ಪು ಕಮ್ಮಿ ಅಂತ ನನ್ನ ಅಂದಾಜು. ಅನೇಕ ಆಸ್ಪತ್ರೆಗಳು ಕ್ಲಿನಿಕಲ್ ಫಾರ್ಮಸಿಸ್ಟನ್ನು ತೆಗೆದುಕೊಳ್ಳುವುದು ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಹೊತ್ತಿಗೆ. ಅದರ ಮಾನದಂಡಗಳಲ್ಲಿ ಔಷಧಿ ನಿರ್ವಹಣೆಗೆ ಪೂರ್ತಿ ಒಂದು ಅಧ್ಯಾಯ ಇದೆ. ಹಾಗಾಗಿ ಬಂದವರಿಗೆ ಮೊದಲು ಕೊಡುವ ಕೆಲಸ ಅಂದರೆ ಇಡೀ ಆಸ್ಪತ್ರೆಯ ಚಾರ್ಟ್ ನೋಡಿ ತಪ್ಪು ಎಣಿಸಿ ಫೈಲ್ ತುಂಬಿಸುವುದು. ಒಬ್ಬರೇ ಇಷ್ಟು ವಾರ್ಡ್ ಸುತ್ತಿದರೆ ಬೆಳಗಿನ ರೌಂಡ್ಸಿಗೆ ಎಲ್ಲಿ ಬರುತ್ತಾರೆ? ಆರು ವರ್ಷ ಓದಿದ ಮಗುವನ್ನು ಲೆಕ್ಕ ಬರೆಯಲು ಕೂರಿಸಿದ ಹಾಗೆ ಆಗಿದೆ. ಆಕೆಗೂ ಇದು ಇಷ್ಟ ಇರಲಿಕ್ಕಿಲ್ಲ.

ನಿಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಮೂಲಕ ಎರಡು ವಿಷಯ ಕೇಳಿ. ಮೀಟಿಂಗಿನ ಪಟ್ಟಿಯಲ್ಲಿ ನರ್ಸಿನ ಹೆಸರು, ಡಾಕ್ಟರ ಹೆಸರು, ವಾರ್ಡಿನ ಹೆಸರು ಬೇಡ. ಯಾವ ಔಷಧಿ, ಯಾವ ಹಂತದಲ್ಲಿ ತಪ್ಪಿತು, ಯಾಕೆ ತಪ್ಪಿತು ಅನ್ನುವುದು ಮಾತ್ರ ಇರಲಿ. ಹೆಸರು ಬಂದ ಕೂಡಲೇ ಜನ ತಪ್ಪನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟ ತಪ್ಪು ಇನ್ನೊಬ್ಬ ರೋಗಿಗೆ ಮತ್ತೆ ಆಗುತ್ತದೆ. ಎರಡನೆಯದು, ಆಕೆ ಮಧ್ಯಾಹ್ನದ ಬದಲು ಬೆಳಗಿನ ರೌಂಡ್ಸಿಗೆ ಬರಲಿ. ದಿನಾ ಎಲ್ಲ ವಾರ್ಡಿಗೆ ಆಗದಿದ್ದರೆ ಐಸಿಯು ಮತ್ತು ನಿಮ್ಮ ಮೆಡಿಸಿನ್ ವಾರ್ಡಿಗಾದರೂ ಆಗಲಿ.

ಆಕೆಯ ಕಡೆಯಿಂದಲೂ ಒಂದು ಮಾತು ಕೊಡಿಸಿಕೊಳ್ಳಿ. ಔಷಧಿ ಕೊಡುವ ಹೊತ್ತಿನಲ್ಲಿ ಕೇಸ್ ಶೀಟ್ ಎತ್ತಿಕೊಂಡು ಹೋಗಬಾರದು. ಇಂಟರ್ನ್‌ಗಳು ಗುಂಪಾಗಿ ಬಂದು ಪ್ರಾಜೆಕ್ಟಿಗೆ ಚಾರ್ಟ್ ಹಿಡಿದು ಕೂತರೆ ನರ್ಸುಗಳಿಗೆ ಸಿಟ್ಟು ಬರುತ್ತದೆ, ಅದು ನ್ಯಾಯವೇ. ಓದಲು ಬೇರೆ ಹೊತ್ತು ಗೊತ್ತುಮಾಡಿಕೊಳ್ಳಲಿ.

ಔಷಧಿಯಿಂದ ಯಾರಿಗಾದರೂ ಮೈಮೇಲೆ ದದ್ದು, ಊತ, ಇನ್ನೇನಾದರೂ ಆದರೆ ಆಕೆಯ ಜೊತೆ ಕೂತು ನೀವೇ ಒಂದು ವರದಿ ಬರೆಯಿರಿ. ಔಷಧಿಗಳ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ 2010ರಲ್ಲಿ ಶುರುವಾಗಿದೆ. ಡಾಕ್ಟರು ಮಾತ್ರ ಅಲ್ಲ, ನರ್ಸುಗಳೂ ಫಾರ್ಮಸಿಸ್ಟುಗಳೂ ಅದಕ್ಕೆ ವರದಿ ಕಳಿಸಬಹುದು. 1800-180-3024 ಅನ್ನುವ ಉಚಿತ ಸಹಾಯವಾಣಿಯೂ ಇದೆ. ನಿಮ್ಮ ಹುಡುಗಿಯರು "ಬರೆದರೆ ನಮ್ಮ ಮೇಲೇ ಬರುತ್ತೆ" ಅಂತ ಹೆದರಿದರೆ ಫಾರಂ ಅನ್ನೇ ತೋರಿಸಿ. ವರದಿ ಕಳಿಸಿದ ಮಾತ್ರಕ್ಕೆ ಆಸ್ಪತ್ರೆಯ ಸಿಬ್ಬಂದಿಯಿಂದ ತೊಂದರೆ ಆಯಿತು ಅಂತ ಒಪ್ಪಿಕೊಂಡ ಹಾಗಲ್ಲ ಅಂತ ಅದರಲ್ಲೇ ಅಚ್ಚಾಗಿದೆ. ವರದಿ ಮಾಡಿದವರ ಹೆಸರಿನ ಜಾಗದಲ್ಲಿ ನಿಮ್ಮ ಸ್ಟಾಫ್ ನರ್ಸಿನ ಹೆಸರು ಬರೆಯಲು ಆಕೆಗೆ ಹೇಳಿ.